ಕೊಡಗಿನ ಮನೆಗಳಲ್ಲಿ ಹಾರಿಸದ ಕೋವಿ

ಕೆಲವು ವರ್ಷಗಳ ಹಿಂದೆ, ಮಳೆಗಾಲ ಹಿಂದೆಗೆಯುತ್ತಿದ್ದ ಸಮಯದಲ್ಲಿ, ಹಳೆಯ ಹಾಡುಗಳ ಕೆಲವು ಪಾಠಗಳನ್ನು ಬರೆದುಕೊಳ್ಳುವ ಉದ್ದೇಶದಿಂದ ದಕ್ಷಿಣ ಕೊಡಗಿನ ಒಂದು ಐನ್‌ಮನೆಗೆ ಹೋಗಿದ್ದೆವು. ಐನ್‌ಮನೆಯೆಂದರೆ ಒಂದು ಒಕ್ಕಕ್ಕೆ ಸೇರಿದವರೆಲ್ಲರ ಮೂಲದ ಮನೆ. ಈಗ ಅಲ್ಲಿ ವಾಸಮಾಡುವವರು ಇಬ್ಬರು ಮೂವರಾದರೂ ಹಬ್ಬಹುಣ್ಣಿಮೆಗಳಲ್ಲಿ ನೂರಾರು ಜನ ಕೂಡುವ ಸ್ಥಳ. ನಡುಮನೆಯ ಗೋಡೆಯಲ್ಲಿ ಒಂದು ಕೇಪಿನ ಕೋವಿ ತೂಗುತ್ತಿದ್ದಿತು. ನಳಿಗೆಗೆ ಎಣ್ಣೆ ಸವರಿ ಒರೆಸಿದ್ದರು. ಹಿಡಿಮರವು ತಲೆಮಾರುಗಳ ಕೈ ಸೋಕಿ ಕಪ್ಪಾಗಿ ಹೊಳೆಯುತ್ತಿದ್ದಿತು. ಆದರೆ ಕುದುರೆಯು ಸಡಿಲಿ ಅದನ್ನು ದಾರದಿಂದ ಬಿಗಿದು ಕಟ್ಟಿದ್ದುದು ಕಣ್ಣಿಗೆ ಬಿತ್ತು. ಇದನ್ನು ಕಡೆಯ ಸಲ ಹಾರಿಸಿದುದು ಯಾವಾಗ ಎಂದು ಮನೆಯ ಹಿರಿಯರನ್ನು ಕೇಳಿದೆವು. “ನಮ್ಮ ದೊಡ್ಡಪ್ಪ ತೀರಿಕೊಂಡ ದಿನ ಮೇಷ್ಟರೆ, ಎರಡು ಈಡು. ಆಮೇಲೆ ಇಲ್ಲ” ಎಂದರು. ಹಾಗಾದರೆ ಇದನ್ನು ಇಟ್ಟುಕೊಂಡಿರುವುದು ಏತಕ್ಕೆ ಎಂಬ ನಮ್ಮ ಎರಡನೆಯ ಪ್ರಶ್ನೆ ಅವರಿಗೆ ಅಸಂಬದ್ಧವಾಗಿ ತೋರಿರಬೇಕು. ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿ, “ಮನೆಯಲ್ಲಿ ಇರುವುದಕ್ಕೆ” ಎಂದು ಹೇಳಿ ಸುಮ್ಮನಾದರು.

ಈ ಉತ್ತರವು ಉತ್ತರವೇ ಅಲ್ಲವೆಂದು ಅಂದು ನಮಗೆ ತೋರಿದ್ದಿತು. ಈಗ ಹಾಗೆ ತೋರುವುದಿಲ್ಲ. ಕೋವಿಯನ್ನು ಇಟ್ಟುಕೊಂಡವರು ಅದನ್ನು ಏಕೆ ಇಟ್ಟುಕೊಂಡಿದ್ದಾರೆಂದು ವಿಚಾರಿಸುವವರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ: ಒಂದು ಬೇಟೆ, ಇನ್ನೊಂದು ಆತ್ಮರಕ್ಷಣೆ. ಇವೆರಡೂ ಹಾರಿಸುವ ಕೋವಿಯ ಪ್ರಯೋಜನಗಳು. ಹಾರಿಸದ ಕೋವಿಯ ವಿಷಯದಲ್ಲಿ ಇವುಗಳಿಂದ ಏನೂ ತಿಳಿದುಬರುವುದಿಲ್ಲ. ಉಪಯೋಗವಿಲ್ಲದ ವಸ್ತುವನ್ನು ಜನ ಮೋಹದಿಂದಲೋ ಒಣಹೆಮ್ಮೆಯಿಂದಲೋ ಇಟ್ಟುಕೊಂಡಿರುತ್ತಾರೆಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಓದುಗರಿಗೆ ಇಂತಹ ಇನ್ನೊಂದು ವಸ್ತುವಿನ ಪರಿಚಯ ಚೆನ್ನಾಗಿ ಉಂಟು. ಓಲೆಗರಿಯ ಪ್ರತಿಗಳನ್ನು ಅರಸುತ್ತ ಹಳ್ಳಿಗಳನ್ನು ಸುತ್ತಿದವರೆಲ್ಲರೂ ಕಂಡಿರುವ ಸಂಗತಿಯಿದು: ಮನೆಯಲ್ಲಿ ಯಾರಿಗೂ ಓದಲು ಬಾರದ ಓಲೆಯ ಕಟ್ಟೊಂದು ದೇವರ ಗೂಡಿನಲ್ಲಿ ಇರುತ್ತದೆ, ಮಹಾನವಮಿಯ ದಿನ ಅದಕ್ಕೆ ಅರಿಸಿನ ಕುಂಕುಮಗಳು ಏರುತ್ತವೆ, ಬಿಚ್ಚಿ ತೋರಿಸಿರೆಂದರೆ ಮನೆಯವರು ಹಿಂದೆಗೆಯುತ್ತಾರೆ, ಕೊಂಡುಕೊಳ್ಳುತ್ತೇವೆಂದರೆ ಸಿಟ್ಟಾಗುತ್ತಾರೆ. ಓದದ ಓಲೆಯು ಆ ಮನೆಯಲ್ಲಿ ಏನೋ ಒಂದು ಕೆಲಸವನ್ನು ಮಾಡುತ್ತಿದೆಯೆಂಬುದು ನಿಶ್ಚಯ. ಆ ಕೆಲಸಕ್ಕೆ ಅದನ್ನು ಓದಬೇಕಾದುದಿಲ್ಲ, ಅಷ್ಟೆ. ಕೊಡಗಿನ ಕೋವಿಯೂ ಇದೇ ಜಾತಿಯದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ವಿಚಾರ. ಕನ್ನಡದಲ್ಲಿ ಈ ಆಯುಧಕ್ಕೆ ಬಳಕೆಯಲ್ಲಿರುವ ಹೆಸರುಗಳೆಲ್ಲವೂ ಅದರ ಆಕಾರವನ್ನೋ ಕ್ರಿಯೆಯನ್ನೋ ಹೇಳತಕ್ಕವು. ಕೋವಿಯೆಂದರೆ ಮೂಲದಲ್ಲಿ ಕೊಳವೆ. ತುಪಾಕಿಯೆಂಬುದು ತುರ್ಕಿ ಭಾಷೆಯಿಂದ ಬಂದುದು. ಅಲ್ಲಿಯೂ ಊದುಗೊಳವೆಯೆಂಬ ಅರ್ಥವೇ ಹಳೆಯದು. ಬಂದೂಕೆಂಬುದು ಅರಬ್ಬೀ ಭಾಷೆಯಲ್ಲಿ ಒಂದು ಬಗೆಯ ಕಾಯಿಯ ಹೆಸರು. ಆ ಕಾಯಿಯನ್ನು ಹೋಲುವ ಗುಂಡಿಗೆ ಆ ಹೆಸರು ಸಂದು, ಆಮೇಲೆ ಗುಂಡನ್ನು ಎಸೆಯುವ ಸಾಧನಕ್ಕೆ ನಿಂತಿತು. ಕೊಡವ ಭಾಷೆಯ ‘ತೋಕ್’ ಎಂಬುದು ಈ ತುಪಾಕಿಯೇ ಸವೆದು ಉಳಿದ ರೂಪವಾಗಿರಬಹುದೆಂದು ನಮಗೆ ತೋರುತ್ತದೆ. ಆದರೆ ಹಬ್ಬದ ದಿನ ಪೂಜೆಗೊಳ್ಳುವಾಗ ಕೋವಿಗೆ ಸಲ್ಲುವ ಹೆಸರು ಬೇರೆ. ಅದು ‘ಕೈಲ್’, ಆಯುಧ. ಒಡಿಕತ್ತಿ, ಪೀಚೆಕತ್ತಿ, ಬಿಲ್ಲುಬಾಣಗಳೆಲ್ಲ ಆ ಮಾತಿನಲ್ಲಿ ಅಡಗಿವೆ. ದಕ್ಷಿಣ ದೇಶಕ್ಕೆ ಕೋವಿ ಬಂದು ಐದು ಶತಮಾನಗಳಿಗಿಂತ ಬಹಳ ಹೆಚ್ಚು ಕಾಲವಾಗಿಲ್ಲ. ಅದು ಬರುವ ಮೊದಲು ಅದರ ಪೀಠದಲ್ಲಿ ಕುಳಿತಿದ್ದುದು ಬಿಲ್ಲು. ಇದಕ್ಕೆ ಕೊಡವರ ಜನನ ಸಂಸ್ಕಾರವೇ ಸಾಕ್ಷಿ. ಗಂಡುಮಗು ಹುಟ್ಟಿದಾಗ ಹರಳುಗಿಡದ ದಂಟಿನಿಂದ ಒಂದು ಪುಟ್ಟ ಬಿಲ್ಲನ್ನು ಮಾಡಿ, ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣವನ್ನು ಮಾಡಿ ಕೂಸಿನ ಕೈಗೆ ಸೋಕಿಸುತ್ತಾರೆ; ಅಂಗಳದಲ್ಲಿ ಕೋವಿಯಿಂದ ಒಂದು ಈಡನ್ನು ಹಾರಿಸುತ್ತಾರೆ. ಹೊಸ ಆಯುಧ ಬಂದಾಗ ಹಳೆಯದನ್ನು ಹೊರಗೆ ಎಸೆಯದೆ ಎರಡನ್ನೂ ಒಂದೇ ಶಾಸ್ತ್ರದಲ್ಲಿ ಸೇರಿಸಿಕೊಂಡಿದ್ದಾರೆ. ಹರಳುದಂಟಿನ ಬಿಲ್ಲಿನಿಂದ ಒಂದು ಗುಬ್ಬಿಯನ್ನೂ ಹೊಡೆಯಲಾಗದು. ಅದು ಹೊಡೆಯುವುದಕ್ಕಾಗಿ ಮಾಡಿದ ಬಿಲ್ಲಲ್ಲ. ಹಾರಿಸದ ಕೋವಿಗೆ ಮುಂಚೆಯೇ ಎಸೆಯದ ಬಿಲ್ಲು ಈ ಮನೆಗಳಲ್ಲಿ ಇದ್ದಿತೆಂಬುದನ್ನು ಗಮನಿಸಬೇಕು.

ಆಯುಧವನ್ನು ಬಳಸದೆ ಇಡುವುದಕ್ಕೆ ನಮ್ಮ ಸಾಹಿತ್ಯದಲ್ಲಿ ಬಹು ಪ್ರಸಿದ್ಧವಾದ ಪ್ರಸಂಗ ವಿರಾಟಪರ್ವದ ಶಮೀವೃಕ್ಷದ್ದು. ಅಜ್ಞಾತವಾಸಕ್ಕೆ ಮುನ್ನ ಪಾಂಡವರು ಸ್ಮಶಾನದ ಬಳಿಯ ಶಮೀಮರದಲ್ಲಿ ತಮ್ಮ ಆಯುಧಗಳನ್ನು ಕಟ್ಟಿ ಇಟ್ಟರೆಂಬುದು ಎಲ್ಲರಿಗೂ ತಿಳಿದಿದೆ. ವ್ಯಾಸಭಾರತದ ಕಥೆಯಲ್ಲಿ ಇದರ ಸಂಗಡ ಬರುವ ಒಂದು ವಿವರವನ್ನು ಅಷ್ಟಾಗಿ ಯಾರೂ ಲಕ್ಷಿಸುವುದಿಲ್ಲ. ಯಾರೂ ಮರದ ಹತ್ತಿರ ಸುಳಿಯದಿರಲೆಂದು ಅವರು ಒಂದು ಹೆಣವನ್ನೂ ಅಲ್ಲಿ ಕಟ್ಟಿದರು. ದಾರಿಯಲ್ಲಿ ಕಂಡ ದನಗಾಹಿಗಳಿಗೆ, ಇದು ನೂರೆಂಬತ್ತು ವರ್ಷ ಬಾಳಿದ ತಮ್ಮ ತಾಯಿಯ ದೇಹವೆಂದೂ ಹೀಗೆ ಇಡುವುದು ಪೂರ್ವಿಕರಿಂದ ಬಂದ ತಮ್ಮ ಕುಲಧರ್ಮವೆಂದೂ ಹೇಳಿದರು. ಕಥೆಯ ಮಟ್ಟಿಗೆ ಇದು ಉಪಾಯದ ಸುಳ್ಳು. ಆದರೆ ಈ ಸುಳ್ಳಿಗೆ ಕವಿ ಆರಿಸಿಕೊಂಡ ಮಾತುಗಳು ಮುಖ್ಯ. ಬಳಕೆಯಿಂದ ಹಿಂದೆಗೆದ ಆಯುಧವು ಅಲ್ಲಿ ಕುಲದ ಹಿರಿಯಳಾಗಿ, ಅದನ್ನು ಕಾಪಾಡುವುದು ಕುಲಧರ್ಮವಾಗಿ ಕಾಣಿಸಿಕೊಂಡಿದೆ. ದನಗಾಹಿಗಳು ಅದನ್ನು ಸಂಶಯವಿಲ್ಲದೆ ನಂಬಿದರು. ನಂಬುವಂತಹ ಮಾತಾಗಿದ್ದುದರಿಂದಲೇ ಅದು ಉಪಾಯವಾಯಿತು.

ಇನ್ನು ಕೊಡಗಿನ ಕೈಲ್‌ಪೊಳ್ದಿನ ವಿಚಾರ. ಕನ್ನಡದಲ್ಲಿ ಇದನ್ನು ಕೈಲ್ ಮುಹೂರ್ತವೆನ್ನುವುದುಂಟು. ಮುಹೂರ್ತಕ್ಕೆ ಸರಿಯಾಗಿ ನಿಂತಿರುವ ‘ಪೊಳ್ದ್’ ಎಂಬುದು ನಮ್ಮ ಹಳಗನ್ನಡದ ‘ಪೊೞ್ತು’ ಎಂಬುದರ ಸೋದರಪದವೆಂದು ತೋರುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ೩ನೆಯ ತಾರೀಖಿನಲ್ಲಿ ಇದನ್ನು ಆಚರಿಸುತ್ತಾರೆ. ಗದ್ದೆಯ ನಾಟಿಯ ಕೆಲಸ ಮುಗಿದಿರುತ್ತದೆ. ಮಳೆಯ ಬಿರುಸು ತಗ್ಗಿರುತ್ತದೆ. ಉಳುಮೆಯ ಆರಂಭದಿಂದ ನಾಟಿಯ ಕೊನೆಯವರೆಗೆ ಮನೆಯ ಆಯುಧಗಳನ್ನು ಕನ್ನಿಕೋಂಬರೆಯೆಂಬ ದೇವರ ಕೋಣೆಯಲ್ಲಿ ಇಟ್ಟುಬಿಡುವುದು, ಹಬ್ಬದ ದಿನ ಹೊರಗೆ ತಂದು ಒರೆಸಿ, ಗಂಧವಿಟ್ಟು, ತೂಗುದೀಪದ ಮುಂದೆ ಸಾಲಾಗಿ ಇರಿಸಿ ಪೂಜಿಸುವುದು ಇದರ ಮುಖ್ಯ ವಿಧಿ. ನಳಿಗೆಯ ಬಾಯಿಗೆ ‘ತೋಕ್‌ಪೂ’ವನ್ನು ಸಿಕ್ಕಿಸುತ್ತಾರೆ. ತೋಕ್‌ಪೂವೆಂದರೆ ಕೋವಿಯ ಹೂವು. ಕನ್ನಡದಲ್ಲಿ ಅಗ್ನಿಶಿಖೆಯೆಂದು ಕರೆಯುವ, ಬೆಂಕಿಯ ನಾಲಗೆಗಳಂತೆ ಎಸಳುಗಳು ಮೇಲಕ್ಕೆ ಸುತ್ತಿಕೊಳ್ಳುವ ಕೆಂಪು ಹಳದಿ ಹೂವು. ಅದು ಆ ದಿನಗಳಲ್ಲಿಯೇ ಬೇಲಿಗಳಲ್ಲಿ ಅರಳುತ್ತದೆ. ಉರಿ ಹೊರಡಬೇಕಾದ ಬಾಯಲ್ಲಿ ಉರಿಯ ಬಣ್ಣದ ಹೂವನ್ನು ಇಡುವ ಈ ಕ್ರಮವನ್ನು ಮೊದಲು ಯಾರು ಕಂಡುಹಿಡಿದರೋ ಅವರಲ್ಲಿ ಕವಿತ್ವವಿದ್ದಿತೆಂದು ನಾವು ಒಪ್ಪಲೇಬೇಕು.

ಈ ಹಬ್ಬವು ಬೇಟೆಯ ಕಾಲದ ಆರಂಭವನ್ನು ಸಾರತಕ್ಕದ್ದೆಂದು ಬರೆದವರೆಲ್ಲರೂ ಹೇಳಿದ್ದಾರೆ, ಅದು ಸರಿಯೆ. ಆದರೆ ಹಬ್ಬದ ಶರೀರವನ್ನು ನೋಡಿದರೆ ಅದರ ಅರ್ಧವು ಆಯುಧವನ್ನು ಮುಟ್ಟದಿರುವ ಕಾಲಕ್ಕೆ ಸೇರಿದ್ದು. ತಿಂಗಳುಗಟ್ಟಲೆ ಕೋವಿಯು ಹಾರದೆ ಇರಬೇಕು. ಆಗ ಮಾತ್ರ ಅದನ್ನು ಹೊರಗೆ ತೆಗೆಯುವುದಕ್ಕೆ ಒಂದು ಮುಹೂರ್ತವಿರುತ್ತದೆ. ನಿತ್ಯವೂ ಹಾರುವ ಕೋವಿಗೆ ಹಬ್ಬವಿಲ್ಲ. ಪೂಜೆಯಾದ ಮೇಲೆ ಕೋವಿಯನ್ನು ಹಿರಿಯರ ಆಶೀರ್ವಾದಪೂರ್ವಕವಾಗಿ ಕಿರಿಯರು ತೆಗೆದುಕೊಳ್ಳುತ್ತಾರೆ. ಊರ ಬಯಲಿನಲ್ಲಿ ‘ತೆಂಗೆ ಬೊಡಿ’ ನಡೆಯುತ್ತದೆ, ಅಂದರೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು. ಈಗ ಅದರಲ್ಲಿ ಹೆಣ್ಣುಮಕ್ಕಳೂ ಗುರಿಯಿಡುತ್ತಾರೆ. ಹಲವು ಮನೆಗಳ ಕೋವಿಗಳಿಗೆ ಆ ಒಂದು ದಿನದ ಒಂದೆರಡು ಈಡುಗಳೇ ವರ್ಷದ ಎಲ್ಲ ಕೆಲಸ.

ಉಳಿದ ಈಡುಗಳನ್ನು ಎಣಿಸಬಹುದು. ಗಂಡು ಹುಟ್ಟಿದರೆ ಒಂದು. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದಾಗಿ ಎರಡು. ಹುತ್ತರಿಯಂದು ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗೆ ಹೋಗಿ ಹೊಸ ತೆನೆಯನ್ನು ಕೊಯ್ಯುವಾಗ ಒಂದು. ಇವುಗಳಲ್ಲಿ ಯಾವುದಕ್ಕೂ ಗುರಿಯೆಂಬುದಿಲ್ಲ. ಇವು ಕಿವಿಗೆ ಹೊರಟ ಈಡುಗಳು. ಕೊಡಗಿನ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕಟ್ಟಿದವುಗಳಲ್ಲ. ಒಂದು ಗುಡ್ಡದ ಬಗಲಲ್ಲಿ ಒಂದು, ಗದ್ದೆಯ ಆಚೆಯ ದಿಣ್ಣೆಯಲ್ಲಿ ಇನ್ನೊಂದು. ತಂತಿ ದೂರವಾಣಿಗಳಿಲ್ಲದ ಕಾಲದಲ್ಲಿ, ಮಳೆ ಮಂಜುಗಳ ನಡುವೆ, ಸಾವಿನ ಸುದ್ದಿಯನ್ನು ನಾಡಿಗೆಲ್ಲ ಒಮ್ಮೆಗೆ ಮುಟ್ಟಿಸುವ ಬೇರೆ ಸಾಧನವೇ ಇರಲಿಲ್ಲವೆನ್ನಬಹುದು. ಎರಡು ಈಡು ಕೇಳಿದವರು ಕೈಯ ಕೆಲಸವನ್ನು ಅಲ್ಲಿಯೇ ಬಿಟ್ಟು ಹೊರಡುತ್ತಿದ್ದರು. ಇಂದು ಸುದ್ದಿ ಮುಟ್ಟಿಸುವುದಕ್ಕೆ ಕೋವಿ ಬೇಕಾಗಿಲ್ಲ. ಜೇಬಿನ ದೂರವಾಣಿಯು ಅದಕ್ಕಿಂತ ಮೊದಲೇ ಬೆಂಗಳೂರಿಗೂ ಪರದೇಶಕ್ಕೂ ತಿಳಿಸಿರುತ್ತದೆ. ಆದರೂ ಎರಡು ಈಡನ್ನು ಹಾರಿಸುವುದು ನಿಂತಿಲ್ಲ. ಸುದ್ದಿಯು ತಿಳಿದಿದ್ದರೂ ಸಾವು ಸಾರಲ್ಪಡಬೇಕು. ಒಬ್ಬ ಮನುಷ್ಯನು ಈ ಮಣ್ಣಿಗೆ ಬಂದಾಗ ಒಂದು, ಹೋದಾಗ ಎರಡು: ಅವನ ಬಾಳಿನ ಎರಡು ಕೊನೆಗಳಿಗೂ ಒಂದೇ ಕೋವಿ ಸಾಕ್ಷಿಯಾಗಿ ನಿಲ್ಲುವುದೂ ಉಂಟು. ಹೆಣ್ಣು ಹುಟ್ಟಿದಾಗ ಈ ಸಾಕ್ಷಿ ಮೌನವಾಗಿರುತ್ತದೆಯೆಂಬ ಕೊರತೆಯನ್ನೂ ಇಲ್ಲಿಯೇ ಹೇಳಿಬಿಡಬೇಕು.

ಹೀಗೆ ಮನೆಯೊಳಗಿನ ಅರ್ಥವಿದ್ದರೂ ಕೋವಿಯನ್ನು ಮನೆಯಲ್ಲಿ ಇರಗೊಟ್ಟಿದ್ದು ಹೊರಗಿನ ಚರಿತ್ರೆ. ಹಾಲೇರಿಯ ಅರಸರ ಕಾಲದಲ್ಲಿ ಜಮ್ಮಾ ಎಂಬ ಹಿಡುವಳಿಯ ಭೂಮಿಯಿದ್ದಿತು. ವಂಶಪಾರಂಪರ್ಯವಾಗಿ ಅನುಭವಿಸತಕ್ಕದ್ದು, ಕಂದಾಯ ಕಡಮೆ. ಅದಕ್ಕೆ ಪ್ರತಿಯಾಗಿ ಕರೆ ಬಂದಾಗ ಆಯುಧ ಹಿಡಿದು ಅರಸನ ಸೇವೆಗೆ ಹೋಗಬೇಕು. ಭೂಮಿಯ ಹಕ್ಕೂ ಆಯುಧದ ಹೊಣೆಯೂ ಒಂದೇ ಗಂಟಿನಲ್ಲಿ ಕಟ್ಟಿದ್ದವು. ೧೮೩೪ರಲ್ಲಿ ಕಡೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. ಹಿಡುವಳಿಯನ್ನು ಮಾತ್ರ ಉಳಿಸಿದರು. ೧೮೩೭ರಲ್ಲಿ ಅಮರಸುಳ್ಯದ ಕಡೆ ದಂಗೆಯೆದ್ದಾಗ ಕೊಡವ ಅಧಿಕಾರಿಗಳು ಇಂಗ್ಲಿಷರ ಪಕ್ಷವನ್ನು ವಹಿಸಿದರು. ೧೮೫೭ರ ಸಂಗ್ರಾಮದ ತರುವಾಯ ಜನರ ಕೈಯಿಂದ ಆಯುಧಗಳನ್ನು ಕಳೆಯುವ ಕಾಯಿದೆಗಳಾದುವು. ೧೮೬೧ರಲ್ಲಿ ಮೈಸೂರು ಮತ್ತು ಕೊಡಗುಗಳ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನನು ಆ ಕಾಯಿದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು, ಅವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿ ಪ್ರಕಟನೆ ಹೊರಡಿಸಿದನು. ೧೮೭೮ರ ಆಯುಧ ಕಾಯಿದೆಯ ಕಾಲದಲ್ಲಿಯೂ ಈ ವಿನಾಯಿತಿ ನಿಂತಿತು.

ಈ ಪ್ರಕಟನೆಯನ್ನು ಕೊಡಗಿನ ಹಿರಿಯರು ಅಭಿಮಾನದಿಂದ ಸ್ಮರಿಸುತ್ತಾರೆ. ಅದು ಶೌರ್ಯಕ್ಕೆ ಸಂದ ಬಿರುದೆಂಬುದು ನಿಜ. ಪರಸರಕಾರಕ್ಕೆ ತೋರಿಸಿದ ನಿಷ್ಠೆಯ ಸಂಬಳವೆಂಬುದೂ ನಿಜ. ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಚರಿತ್ರೆಗೆ ಒಪ್ಪುವುದಿಲ್ಲ. ನಮ್ಮ ತಾಮ್ರಶಾಸನಗಳಲ್ಲಿ ಹಲವಕ್ಕೆ ಇದೇ ಗತಿಯಲ್ಲವೆ? ದಾನ ಕೊಟ್ಟವನ ಉದ್ದೇಶ ಏನೇ ಇರಲಿ, ತಟ್ಟೆಯನ್ನು ಕಾಪಾಡಿದ ವಂಶವು ಅದರಲ್ಲಿ ತನ್ನ ಮಾನವನ್ನೇ ಓದಿಕೊಳ್ಳುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಕೆಲವು ಕಾಲ ಪ್ರತ್ಯೇಕ ರಾಜ್ಯವಾಗಿದ್ದು ೧೯೫೬ರಲ್ಲಿ ಮೈಸೂರಿನೊಡನೆ ಸೇರಿತು. ೧೯೫೯ರ ಆಯುಧ ಕಾಯಿದೆಯಲ್ಲಿ ಕೆಲವು ವರ್ಗದವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಇಟ್ಟಿದ್ದರು. ಅದರಂತೆ ೧೯೬೩ರ ಪ್ರಕಟನೆಯಲ್ಲಿ ಕೊಡವ ಕುಲದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ನಿಬಂಧನೆಯಿಂದ ವಿನಾಯಿತಿ ದೊರೆಯಿತು. ಹಿಡುವಳಿದಾರರೆಂಬ ಮಾತು ಮುಖ್ಯವಾದುದು. ಜಮ್ಮಾ ಭೂಮಿಯುಳ್ಳ ಗೌಡರು ಮೊದಲಾದ ಇತರರಿಗೂ ಕೋವಿಯ ಹಕ್ಕು ಇದರಿಂದ ಬಂದಿದೆ. ಅರಸರ ಕಾಲದ ಹೊಣೆಯು ಹೋಗಿ ಎಷ್ಟೋ ಕಾಲವಾದರೂ ಭೂಮಿಗೂ ಆಯುಧಕ್ಕೂ ಹಾಕಿದ್ದ ಗಂಟು ಕಾನೂನಿನಲ್ಲಿ ಬಿಚ್ಚದೆ ಉಳಿದಿದೆ. ೨೦೧೯ರ ಅಕ್ಟೋಬರಿನಲ್ಲಿ ಈ ವಿನಾಯಿತಿಯನ್ನು ೨೦೨೯ರವರೆಗೆ ಹತ್ತು ವರ್ಷಗಳಿಗೆ ಮುಂದುವರಿಸಿದರು. ಇದು ಜಾತಿಯ ಮೇಲೆ ಮಾಡಿದ ಪಕ್ಷಪಾತವೆಂದು ಕರ್ಣಾಟಕದ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯವಾಯಿತು. ೨೦೨೧ರಲ್ಲಿ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ಬಂದ ಪದ್ಧತಿ, ಕೈಲ್ ಮುಹೂರ್ತದ ಆಚರಣೆ, ಅವಧಿಗೆ ಮಿತಿಯಿರುವುದು ಇವುಗಳನ್ನೆಲ್ಲ ತೀರ್ಪಿನಲ್ಲಿ ಗಣನೆಗೆ ತೆಗೆದುಕೊಂಡರು. ನಳಿಗೆಗೆ ಹೂವಿಡುವ ಹಬ್ಬವೊಂದು ಆಯುಧ ಕಾಯಿದೆಯ ವ್ಯಾಜ್ಯದಲ್ಲಿ ಪ್ರಮಾಣವಾಗಿ ನಿಂತುದನ್ನು ಸಂಪ್ರದಾಯಗಳನ್ನು ಅಭ್ಯಾಸಮಾಡುವವರು ನೆನಪಿನಲ್ಲಿ ಇಡತಕ್ಕದ್ದು.

ಈಗ ನಮ್ಮ ಮೂಲ ಪ್ರಶ್ನೆಗೆ ಒಂದು ಪರೀಕ್ಷೆ ದೊರೆಯುತ್ತದೆ. ಕೋವಿಯನ್ನು ಬೇಟೆಗಾಗಿಯೇ ಇಟ್ಟುಕೊಂಡಿದ್ದರೆ ಬೇಟೆ ನಿಂತಾಗ ಕೋವಿಯೂ ಹೋಗಬೇಕಾಗಿದ್ದಿತು. ಹಿಂದೆ ಕೊಡಗಿನಲ್ಲಿ ಬೇಟೆಯ ಗೌರವ ಎಂಥದೆಂದರೆ, ಹುಲಿಯನ್ನು ಹೊಡೆದವನನ್ನು ಚಪ್ಪರದಲ್ಲಿ ಮದುವಣಿಗನಂತೆ ಕುಳ್ಳಿರಿಸಿ ‘ನರಿ ಮಂಗಲ’ವೆಂಬ ಉತ್ಸವ ಮಾಡುತ್ತಿದ್ದರು. (ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ, ಕನ್ನಡಿಗರು ಇದನ್ನು ಕೇಳಿ ನಗುವುದುಂಟು.) ೧೯೭೨ರ ವನ್ಯಜೀವಿ ಸಂರಕ್ಷಣ ಕಾಯಿದೆಯಿಂದ ಹುಲಿಯ ಬೇಟೆಗೆ ಕೊನೆಯಾಯಿತು, ೧೯೯೧ರ ತಿದ್ದುಪಡಿಯಿಂದ ಲೈಸೆನ್ಸು ಪಡೆದು ಸಣ್ಣ ಪ್ರಾಣಿಗಳನ್ನು ಬೇಟೆಯಾಡುವ ದಾರಿಯೂ ಮುಚ್ಚಿತು. ಕದ್ದು ಆಡುವವರಿದ್ದಾರೆ, ಇಲ್ಲವೆನ್ನಲಾಗದು. ಆದರೆ ಒಂದು ತಲೆಮಾರಿನ ಕಾಲ ಬೇಟೆಯೆಂಬುದು ಅಪರಾಧವಾಗಿದ್ದೂ ಮನೆಗಳಿಂದ ಕೋವಿ ಹೋಗಲಿಲ್ಲ, ಹಬ್ಬ ಕುಗ್ಗಲಿಲ್ಲ. ಬೇಟೆಯು ಕೋವಿಯ ಒಂದು ಉದ್ಯೋಗವಾಗಿದ್ದಿತೇ ಹೊರತು ಅದರ ಆಧಾರವಾಗಿರಲಿಲ್ಲವೆಂದು ಇದರಿಂದ ನಿಶ್ಚಯಿಸಬಹುದಾಗಿದೆ.

ಕೊಡಗಿನದೊಂದೇ ಇಂತಹ ಉದಾಹರಣೆಯೆಂದು ಭಾವಿಸಬೇಕಾದುದಿಲ್ಲ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಸೈನ್ಯದ ಶಿಕ್ಷಣ ಪಡೆದ ಪ್ರಜೆಗಳು ತಮ್ಮ ರೈಫಲನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವ ಪದ್ಧತಿಯುಂಟು. ಮೊದಲು ಮೊಹರು ಮಾಡಿದ ತೋಟಾಗಳ ಪೆಟ್ಟಿಗೆಯನ್ನೂ ಸಂಗಡ ಕೊಡುತ್ತಿದ್ದರು. ೨೦೦೭ರಲ್ಲಿ ಆ ಪೆಟ್ಟಿಗೆಯನ್ನು ಕೊಡುವುದನ್ನು ನಿಲ್ಲಿಸಲು ನಿಶ್ಚಯಿಸಿ, ಕೊಟ್ಟಿದ್ದುದನ್ನು ಹಿಂದಕ್ಕೆ ತೆಗೆದುಕೊಂಡರು. ತೋಟಾವಿಲ್ಲದ ರೈಫಲು ಮರದ ತುಂಡಿನ ಸಮಾನ. ಆದುದರಿಂದ ಅದನ್ನೂ ಸರಕಾರದ ಉಗ್ರಾಣದಲ್ಲಿಯೇ ಇಡೋಣವೆಂಬ ಸೂಚನೆಯು ೨೦೧೧ರ ಫೆಬ್ರವರಿ ೧೩ರಂದು ಜನರ ಮತಕ್ಕೆ ಬಂದಿತು. ಮತ ಕೊಟ್ಟವರಲ್ಲಿ ನೂರಕ್ಕೆ ೫೬ಕ್ಕಿಂತ ಹೆಚ್ಚು ಮಂದಿ ಬೇಡವೆಂದರು. ಹಾರಿಸಲು ಬೇಕಾದುದನ್ನು ಬಿಟ್ಟುಕೊಟ್ಟವರು ಹಾರದುದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಗಣತಂತ್ರವು ತನ್ನ ಪ್ರಜೆಯಲ್ಲಿ ಇಟ್ಟ ನಂಬಿಕೆಯ ಗುರುತು ಆ ರೈಫಲೆಂದು ಅವರು ಭಾವಿಸುತ್ತಾರೆ. ನಮ್ಮ ಜಮ್ಮಾ ಕೋವಿಗೂ ಇದಕ್ಕೂ ಹೋಲಿಕೆ ತಾನಾಗಿಯೇ ಕಾಣುತ್ತದೆ.

ಅಮೆರಿಕದ ಸಂಗತಿ ಬೇರೆ. ಅಲ್ಲಿನ ಪ್ಯೂ ಸಂಶೋಧನ ಕೇಂದ್ರದವರು ೨೦೨೩ರಲ್ಲಿ ವಿಚಾರಿಸಿದಾಗ, ಕೋವಿಯುಳ್ಳವರಲ್ಲಿ ನೂರಕ್ಕೆ ೭೨ ಮಂದಿ ಆತ್ಮರಕ್ಷಣೆಯನ್ನು ಮುಖ್ಯ ಕಾರಣವಾಗಿ ಹೇಳಿದರು. ಬೇಟೆಯನ್ನು ಹೇಳಿದವರು ೩೨, ಗುರಿಯ ಆಟವನ್ನು ಹೇಳಿದವರು ೩೦. ರಕ್ಷಣೆಗಾಗಿ ಇಟ್ಟ ಆಯುಧವೂ ಬಹುಪಾಲು ಹಾರಿಸದ ಆಯುಧವೇ. ಅದನ್ನು ಹಾರಿಸುವ ಸಂದರ್ಭ ಬಾರದಿರಲೆಂಬುದೇ ಇಟ್ಟುಕೊಂಡವನ ಹಾರೈಕೆ. ಹೀಗೆ ಹೊರಗಿನಿಂದ ನೋಡಿದರೆ ಮಡಿಕೇರಿಯ ಗೋಡೆಯ ಕೋವಿಯೂ ಟೆಕ್ಸಾಸಿನ ಹಾಸಿಗೆಯ ಬಳಿಯ ಪಿಸ್ತೂಲೂ ಒಂದೇ ರೀತಿ ಸುಮ್ಮನಿವೆ. ಒಳಗಿನ ಭಾವ ಮಾತ್ರ ಎದುರುಬದುರು. ಒಂದು ಇನ್ನೂ ಬಾರದ ಕಳ್ಳನನ್ನು ಕಾಯುತ್ತಿದೆ; ಇನ್ನೊಂದು ಎಂದೋ ಹೋದ ಹಿರಿಯನನ್ನು ನೆನೆಯುತ್ತಿದೆ. ಹಾರಿಸದಿರುವುದಕ್ಕೆ ಒಂದೇ ಕಾರಣವಿದೆಯೆಂದು ತಿಳಿದು ವಿಚಾರಕ್ಕೆ ಹೊರಟವರು ಈ ಭೇದವನ್ನು ತಪ್ಪದೆ ಮರೆಯುತ್ತಾರೆ.

ನಮ್ಮ ದೇಶದ ಕಾನೂನಿನವರೂ ಒಮ್ಮೆ ಮರೆತಿದ್ದರು. ೨೦೧೯ರಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ತಂದಾಗ, ಲೈಸೆನ್ಸುದಾರನೊಬ್ಬನಲ್ಲಿ ಮೂರು ಕೋವಿಗಳವರೆಗೆ ಇರಬಹುದೆಂಬ ಹಳೆಯ ಮಿತಿಯನ್ನು ಒಂದಕ್ಕೆ ಇಳಿಸಬೇಕೆಂದು ಮೊದಲು ಸೂಚಿಸಿದರು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎಣಿಕೆಯೊಳಗೇ ಸೇರತಕ್ಕದ್ದಾಗಿದ್ದಿತು. ಇದಕ್ಕೆ ಆಕ್ಷೇಪಗಳು ಬಂದು ಕೊನೆಗೆ ಮಿತಿ ಎರಡೆಂದಾಯಿತು. ತಾತನ ಕೋವಿಯನ್ನೂ ತನ್ನ ಕೋವಿಯನ್ನೂ ಇಟ್ಟುಕೊಳ್ಳಲು ಎರಡು ಸಾಕಾಗುತ್ತದೆ. ಒಂದಾಗಿದ್ದರೆ ಮನೆಯವರು ಹಾರುವುದನ್ನೋ ಹಾರದುದನ್ನೋ ಆರಿಸಬೇಕಾಗುತ್ತಿದ್ದಿತು. ಎಷ್ಟು ಮಂದಿ ಹಾರದುದನ್ನು ಆರಿಸುತ್ತಿದ್ದರೋ ತಿಳಿಯುವ ಸಂದರ್ಭ ತಪ್ಪಿಹೋಯಿತೆಂಬುದು ಸಂಶೋಧಕನ ಸ್ವಾರ್ಥದ ಕೊರಗು. ಅದೇ ತಿದ್ದುಪಡಿಯಲ್ಲಿ, ಮದುವೆ ಉತ್ಸವಾದಿಗಳಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮದ ಈಡನ್ನು ಹಾರಿಸುವುದಕ್ಕೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿದ್ದಾರೆ. ಈ ನಿಬಂಧನೆ ಅವಶ್ಯವಾಗಿದ್ದಿತು.

ಏಕೆಂದರೆ ಓಲೆಗರಿಗೂ ಕೋವಿಗೂ ಮೇಲೆ ಹೇಳಿದ ಹೋಲಿಕೆಯು ಒಂದು ಎಡೆಯಲ್ಲಿ ಮುರಿದುಬೀಳುತ್ತದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಓಲೆಯ ಕಟ್ಟು ಗೂಡಿನಿಂದ ಬಿದ್ದರೆ ಯಾರೂ ಸಾಯುವುದಿಲ್ಲ. ಕೇಪಿನ ಕೋವಿಯಲ್ಲಿ ಮದ್ದನ್ನೂ ಚರೆಯನ್ನೂ ಗಜದಿಂದ ಇಡಿದ ಮೇಲೆ ಅದನ್ನು ಖಾಲಿಮಾಡುವುದಕ್ಕೆ ಹಾರಿಸುವುದೇ ಸುಲಭದ ದಾರಿ; ಹಾಗೆ ತುಂಬಿ ಮರೆತ ಕೋವಿ ಎಷ್ಟು ಭಯಂಕರವೆಂಬುದನ್ನು ಹಳಬರು ಬಲ್ಲ ಕಾರಣ ಖಾಲಿಮಾಡಿಯೇ ಗೋಡೆಗೆ ಏರಿಸುತ್ತಿದ್ದರು. ಆಸ್ತಿಯ ಜಗಳದಲ್ಲಿ ಅಣ್ಣತಮ್ಮಂದಿರ ನಡುವೆ ಮನೆಯ ಕೋವಿಯೇ ಹಾರಿದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಮನೆಯೊಳಗೆ ಇದ್ದುದರಿಂದಲೇ ಕೈಗೆ ಸಿಕ್ಕಿತು. ಹಿರಿಯರ ಗುರುತೆಂಬ ಗೌರವವು ಆ ಕ್ಷಣದಲ್ಲಿ ಯಾರ ಕೈಯನ್ನೂ ಹಿಡಿಯಲಿಲ್ಲ. ಹಾರಿಸದ ಕೋವಿಯು ಹಾರದ ಕೋವಿಯಲ್ಲ. ಹಾಗಾದರೆ ನಳಿಗೆಗೆ ಸೀಸವನ್ನು ಹೊಯ್ದು ಮುಚ್ಚಿ, ಗುರುತಾಗಿ ಮಾತ್ರ ಇಟ್ಟುಕೊಳ್ಳಬಾರದೆ ಎಂದು ಕೇಳುವವರುಂಟು. ಈ ಸಲಹೆಯನ್ನು ನಾವೂ ಒಬ್ಬಿಬ್ಬರ ಮುಂದೆ ಇಟ್ಟುದುಂಟು. ಅವರ ಮುಖದಲ್ಲಿ ಕಂಡ ಭಾವವನ್ನು ನೋಡಿದರೆ, ದೇವರ ವಿಗ್ರಹದ ಕಣ್ಣನ್ನು ಕಿತ್ತು ಪೂಜೆಮಾಡಿರೆಂದು ಹೇಳಿದಂತಾಯಿತೆಂದು ತೋರುತ್ತದೆ. ಹಾರಬಲ್ಲದಾಗಿದ್ದು ಹಾರದೆ ಇರುವುದರಲ್ಲಿಯೇ ಅವರಿಗೆ ಅದರ ಮಾನವಿದೆ. ಈ ತೊಡಕನ್ನು ಬಿಡಿಸುವ ಉಪಾಯ ನಮಗೆ ತೋಚಿಲ್ಲ; ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಬಿಟ್ಟರೆ ಬೇರೆ ಯಾರಿಗಾದರೂ ತೋಚಿರುವಂತೆಯೂ ಕಾಣುವುದಿಲ್ಲ.

೧೯೨೪ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯನ್ನು ಅಚ್ಚುಮಾಡಿಸಿ ಕೊಡವರ ಹಾಡುಗಳನ್ನೂ ಕಟ್ಟಳೆಗಳನ್ನೂ ಉಳಿಸಿಕೊಟ್ಟರು. ಕನ್ನಡ ಲಿಪಿಯಲ್ಲಿ ಅಚ್ಚಾದ ಆ ಗ್ರಂಥವಿಲ್ಲದಿದ್ದರೆ ಇಂತಹ ಲೇಖನಗಳನ್ನು ಬರೆಯಲು ಆಧಾರವೇ ಇರುತ್ತಿರಲಿಲ್ಲ. ಅವರು ಹಾಡುಗಳಿಗೆ ಮಾಡಿದುದನ್ನು ಕೋವಿಗಳಿಗೆ ಯಾರಾದರೂ ಮಾಡಬೇಕಾಗಿದೆ: ಯಾವ ಒಕ್ಕದಲ್ಲಿ ಯಾವ ಕೋವಿ, ಅದರ ಹಿಡಿಮರದಲ್ಲಿ ಏನು ಗುರುತು, ಅದು ಯಾರ ಜನನಕ್ಕೆ ಯಾರ ಮರಣಕ್ಕೆ ಹಾರಿತೆಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಬರೆದುಕೊಳ್ಳಬೇಕು. ೨೦೨೯ರಲ್ಲಿ ವಿನಾಯಿತಿಯ ಅವಧಿ ತೀರಿ ವಿಚಾರವು ಮತ್ತೆ ಅಧಿಕಾರಿಗಳ ಮುಂದೆ ಬರುತ್ತದೆ. ಆಗ ಪರವಾಗಿ ವಾದಿಸುವವರಿಗೂ ವಿರೋಧವಾಗಿ ವಾದಿಸುವವರಿಗೂ ಇಂತಹ ದಾಖಲೆ ಉಪಯೋಗವಾದೀತು.

ನಾವು ಹೋಗಿದ್ದ ಮನೆಯಿಂದ ಹೊರಡುವಾಗ, ಕುದುರೆ ಕೆಟ್ಟಿರುವ ಕೋವಿಯಿಂದ ಇನ್ನು ಮುಂದೆ ಈಡನ್ನು ಹಾರಿಸುವುದು ಹೇಗೆಂದು ಹಿರಿಯರನ್ನು ಕೇಳಿದೆವು. ರಿಪೇರಿ ಬಲ್ಲವನು ಹತ್ತಿರ ಯಾರೂ ಇಲ್ಲವೆಂದರು. “ನಾನು ಹೋದಾಗ ಪಕ್ಕದ ಒಕ್ಕದವರ ತೋಟೆ ಕೋವಿಯನ್ನು ತಂದು ಎರಡು ಈಡು ಹಾಕುತ್ತಾರೆ ಮೇಷ್ಟರೆ. ಇದನ್ನು ಒರೆಸಿ ಜಗಲಿಯ ಮೇಲೆ ನಿಲ್ಲಿಸಿರುತ್ತಾರೆ” ಎಂದು ಹೇಳಿ, ಕುದುರೆಗೆ ಕಟ್ಟಿದ್ದ ದಾರವು ಬಿಗಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು.